ಖಾಲಿ ಬಿಟ್ಟ ಮೂರಕ್ಷರ

"ಎಲ್ಲಾ ಓದಿ ಸಾರ್, ಬೇಡ ಅನ್ನಲ್ಲ. ಆ ಖಾಲಿ ಜಾಗ ಮಾತ್ರ ತುಂಬೋಕೆ ಹೋಗ್ಬೇಡಿ," ಎಂದಳು ಬೀಗದಮ್ಮ.

ಅರ್ಕಾವತ್ತು ನಕ್ಕ. ಅವನದು ಸಣ್ಣ ನಗುವೇ, ಆದರೆ ಎದುರಿಗಿದ್ದವರಿಗೆ ತಾವು ಹೆಚ್ಚು ಓದಿಲ್ಲವೆಂಬುದು ಥಟ್ಟನೆ ನೆನಪಾಗಬೇಕು, ಅಂಥ ನಗು. ಬೀಗದಮ್ಮ ಸೊಂಟದ ಗೊಂಚಲಿನಿಂದ ಉದ್ದದ ಕೀಲಿಕೈ ಆರಿಸಿ, ಗರ್ಭಗುಡಿಯ ಕಬ್ಬಿಣದ ಬಾಗಿಲು ತೆರೆದುಕೊಟ್ಟು, ಒಳಗೆ ಕಾಲಿಡದೆ ಹೊರಗೇ ನಿಂತಳು.

ಬಂಡೆ ಕೊರೆದು ಮಾಡಿದ ಆ ಗುಡಿಯ ಕಾವಲು ಮೊದಲು ಅವಳ ಗಂಡನದಾಗಿತ್ತು. ಗಂಡ ತೀರಿಕೊಂಡ ಮೇಲೆ ಕೀಲಿಗೊಂಚಲು ಇವಳ ಸೊಂಟಕ್ಕೆ ಬಂತು, ಜೊತೆಗೆ ಬೀಗದಮ್ಮ ಎಂಬ ಹೆಸರೂ ಬಂತು. ಅರ್ಕಾವತ್ತಿನದು ಹಳೆಯ ಶಾಸನಗಳನ್ನು ಓದುವ ಕೆಲಸ. ಹಿಂದೊಮ್ಮೆ ಯಾವುದೋ ಶಾಸನದ ಒಂದು ಪದದಲ್ಲಿ ಅರ್ಕಾವತ್ತು ಇದೆಯೋ ಇಲ್ಲವೋ ಎಂದು ಮೇಲಧಿಕಾರಿಯ ಜೊತೆ ಮೂರು ತಿಂಗಳು ಕಾಗದದಲ್ಲೇ ಜಗಳವಾಡಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಕೊನೆಗೆ ಗೆದ್ದ. ಗೆದ್ದದ್ದು ಬಾಲದಂಥ ಒಂದು ಗೀಟನ್ನು, ಕಳೆದುಕೊಂಡದ್ದು ಆಫೀಸಿನ ಸ್ನೇಹಿತರೆಲ್ಲರನ್ನು. ಅಂದಿನಿಂದ ಎಲ್ಲರ ಬಾಯಲ್ಲೂ ಅವನು ಅರ್ಕಾವತ್ತು.

ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದವರು ಇಬ್ಬರೇ, ಹೆಂಡತಿ ಮತ್ತು ಅಕ್ಕ. ಹೆಂಡತಿ ತೀರಿಹೋಗಿ ಮೂರು ವರ್ಷವಾಗಿತ್ತು. ಏಳು ವರ್ಷದ ಮಗಳೊಬ್ಬಳು ಇದ್ದಳು. ಅವನು ಕ್ಯಾಂಪಿಗೆ ಹೊರಟಾಗಲೆಲ್ಲ ಅವಳು ಅಕ್ಕನ ಮನೆಯಲ್ಲಿರುತ್ತಿದ್ದಳು. ಸಂಜೆ ಐದಾಯಿತೆಂದರೆ ಅತ್ತೆಯ ಫೋನು ಕಸಿದುಕೊಂಡು, "ಅಪ್ಪಾ, ಇವತ್ತು ಯಾವ ಅಕ್ಷರ ಸಿಕ್ತು?" ಎಂದು ಕೇಳುತ್ತಿದ್ದಳು. ಆ ಒಂದು ಪ್ರಶ್ನೆಯ ಬಲದ ಮೇಲೆ ಅವನು ಇಡೀ ದಿನ ದೂಡುತ್ತಿದ್ದ ಎಂದರೆ ಸುಳ್ಳಲ್ಲ. ಉಳಿದಂತೆ ಅವನ ದಿನಗಳಲ್ಲಿ ಮಾತು ಕಡಿಮೆ, ಕಲ್ಲು ಹೆಚ್ಚು.

ಆ ಗುಡಿಯಲ್ಲಿ ಕಟ್ಟಿದ್ದು ಎಂಬುದು ಒಂದೂ ಇರಲಿಲ್ಲ, ಎಲ್ಲ ತೆಗೆದದ್ದೇ. ಬೆಟ್ಟದ ಮೈಗೆ ಉಳಿಯಿಟ್ಟು, ಚಾವಣಿಯಿಂದ ನೆಲದವರೆಗೆ ಬಂಡೆ ಕಡಿಯುತ್ತಾ ಇಳಿದು, ಬೇಡದ ಕಲ್ಲನ್ನು ಹೊರಗೆಸೆದು, ಉಳಿದದ್ದನ್ನು ಕಂಬವೆಂದೂ ತೊಲೆಯೆಂದೂ ದೇವರೆಂದೂ ಕರೆದಿದ್ದರು. ಮೇಲಿನ ತೊಲೆಗಳು ಏನನ್ನೂ ಹೊರುತ್ತಿರಲಿಲ್ಲ. ಮರದ ಗುಡಿ ಕಟ್ಟಿ ಅಭ್ಯಾಸವಾದ ಕೈಗಳು ಸುಮ್ಮನೆ ಕೆತ್ತಿಟ್ಟಿದ್ದವು. ಗರ್ಭಗುಡಿಯ ಬಾಗಿಲಿನ ಎಡಕ್ಕೆ ಗದೆಗೆ ಮೈಯೊರಗಿಸಿದ ದ್ವಾರಪಾಲಕ. ಬಲಗಡೆಯವನು ಅರ್ಧ ಮಾತ್ರ ಹೊರಬಂದಿದ್ದ. ಒಂದು ಭುಜ, ಅರ್ಧ ಮುಖ, ಒಂದು ಮೊಣಕಾಲು. ಮಿಕ್ಕಿದ್ದು ಇನ್ನೂ ಬೆಟ್ಟದೊಳಗೇ ಇತ್ತು. ಬಾವಲಿಯ ಹಿಕ್ಕೆ, ಒದ್ದೆ ಕಲ್ಲು, ಎಂದೋ ಉರಿದ ಎಣ್ಣೆ, ಇವು ಮೂರರ ವಾಸನೆ ಸೇರಿ ಒಳಗೆ ಹೋದವನ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು.

ಶಾಸನ ಇದ್ದದ್ದು ಗರ್ಭಗುಡಿಯ ಒಳಗೋಡೆಯಲ್ಲಿ, ಬೆಳಕು ತಲುಪದ ಕಡೆ. ಅದರ ಕತೆಯನ್ನು ಬೀಗದಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಬೆಟ್ಟ ಕೊರೆಸಿದ ಒಡೆಯನಿಗೆ ಕೆಲಸ ಮುಗಿಯುವ ಹೊತ್ತಿಗೆ ಹೊಟ್ಟೆಕಿಚ್ಚು ಶುರುವಾಯಿತಂತೆ. ನೋಡಲು ಬಂದವರು ಒಡೆಯನನ್ನು ಬಿಟ್ಟು, ಕಡೆದ ರೂವಾರಿಯ ಹೆಸರು ಹೇಳುತ್ತಿದ್ದರಂತೆ. ಒಡೆಯ ಒಬ್ಬ ಮಾಟಗಾರನನ್ನು ಕರೆಸಿದ. ಅವನು ಏಳು ದಿನ ಒಳಗೆ ಕೂದಲು ಸುಟ್ಟು, ಏನೇನೋ ಸುರಿದು, ಒಂದು ಪದ್ಯ ಹೊಸೆದ. ಅದನ್ನು ಕಲ್ಲಿನಲ್ಲಿ ಕೆತ್ತಲು ರೂವಾರಿಗೇ ಅಪ್ಪಣೆಯಾಯಿತು. ಅವನು ಪೂರ್ತಿ ಪದ್ಯ ಕೆತ್ತಿ, ತನ್ನ ಹೆಸರು ಬರಬೇಕಾದ ಜಾಗದಲ್ಲಿ ಮೂರಕ್ಷರದಷ್ಟು ಕಲ್ಲು ಖಾಲಿ ಬಿಟ್ಟು, ಉಳಿ ಅಲ್ಲೇ ಎಸೆದು, ಬಲಗಡೆಯ ದ್ವಾರಪಾಲಕನನ್ನು ಅರ್ಧಕ್ಕೇ ಕೈಬಿಟ್ಟು ಹೊರಟುಹೋದ. ಅಂದಿನಿಂದ ಆ ಶಾಪ ಬಾಯಿ ತೆರೆದುಕೊಂಡೇ ಕೂತಿದೆ ಎಂದು ಅವಳು ಕತೆ ಮುಗಿಸುತ್ತಿದ್ದಳು.

ಆದರೆ ಅಳಿದ ಅಕ್ಷರ ತುಂಬುವುದೇ ಅರ್ಕಾವತ್ತಿನ ಹೊಟ್ಟೆಪಾಡು. ಕಲ್ಲು ಚಕ್ಕೆಯೆದ್ದ ಕಡೆ ಏನಿದ್ದಿರಬಹುದೆಂದು ಊಹಿಸಿ, ಆವರಣ ಚಿಹ್ನೆಯೊಳಗೆ ಬರೆದಿಟ್ಟರೆ ಮಾತ್ರ ಅವನಿಗೆ ಊಟ ಸೇರುತ್ತಿತ್ತು. ಖಾಲಿ ಬಿಟ್ಟು ಬಾ ಎಂದು ಅವನಿಗೆ ಹೇಳುವುದೂ, ಹಾಲು ಉಕ್ಕುವಾಗ ಒಲೆಯ ಕಡೆ ನೋಡಬೇಡ ಎಂದು ಹೇಳುವುದೂ ಒಂದೇ.

ಹೊರಗಿನ ಬಂಡೆಬರಹಗಳಿಗೆ ನಾಲ್ಕು ದಿನ ಹಿಡಿದಿತ್ತು. ಐದನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಈ ಗೋಡೆಯ ಕೆಲಸ ಶುರುಮಾಡಿದ. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಗೋಡೆ ತೊಳೆದ. ಒದ್ದೆ ಕಾಗದ ಹಾಸಿ, ಬಿರುಸು ಕುಂಚದಿಂದ ಬಡಿದು ಬಡಿದು ಅಕ್ಷರದ ಗುಣಿಯೊಳಗೆ ಇಳಿಸಿದ. ಮೇಲೆ ಮಸಿ ಒತ್ತಿದ. ಕರಿಯ ಕಾಗದದಲ್ಲಿ ಬಿಳಿಯ ಸಾಲುಗಳು ಎದ್ದುಬಂದು ಶಾಸನದ ಪಡಿಯಚ್ಚು ಸಿದ್ಧವಾಯಿತು. ಕಂದಪದ್ಯ. ಈ ಬೆಟ್ಟ ನನ್ನ ಕೈಕೆಲಸ ಎಂದ ಇಂಥವನ ಹೆಸರು ಹೇಳುವವರು ಒಬ್ಬರೂ ಇಲ್ಲದಂತಾಗಲಿ, ಇಷ್ಟೇ ಅದರ ಅರ್ಥ. ಬೀದಿಜಗಳದಲ್ಲಿ ಹೆಂಗಸರು ಮಣ್ಣು ತೂರಿ ಬೈಯುವ ಬೈಗುಳವನ್ನೇ ಛಂದಸ್ಸಿಗೆ ಕೂರಿಸಿದ್ದಾನೆ ಅಷ್ಟೆ ಎಂದುಕೊಂಡು ನಕ್ಕ.

ಖಾಲಿ ಜಾಗ ಕೊನೆಯ ಸಾಲಿನ ಮೊದಲಿಗೇ ಇತ್ತು. ಅಂದರೆ ಸುಲಭ. ಅಲ್ಲಿ ನಾಲ್ಕು ಮಾತ್ರೆಯ ಹೆಸರೊಂದು ಬರಬೇಕು, ಅದರ ಎರಡನೆಯ ಅಕ್ಷರ ಪ್ರಾಸಕ್ಕೆ ಹೊಂದಬೇಕು. ಮೇಲಿನ ಮೂರು ಸಾಲಿನಲ್ಲೂ ಎರಡನೆಯ ಅಕ್ಷರ ರಕಾರ. ಅಕ್ಷರದ ಅಳತೆ ನೋಡಲು ಇಂಥ ಕಡೆ ಗೊತ್ತಿರುವ ಯಾವುದಾದರೂ ಪದ ಬರೆದು ನೋಡುವುದು ಕಸುಬಿನವರ ರೂಢಿ. ಅವನು ಪಡಿಯಚ್ಚಿನ ಮೇಲೆ ಬಿಳಿ ಪೆನ್ಸಿಲಿನಲ್ಲಿ ತನ್ನ ಹೆಸರನ್ನೇ ಬರೆದ. ಮೂರಕ್ಷರ. ಗೆರೆ ಹೊಡೆದ ಹಾಗೆ ಕೂತಿತು. ನಾಲ್ಕು ಮಾತ್ರೆ. ನಡುವೆ ರಕಾರ. ಭಲೇ ಎನ್ನಿಸಿತು ಅವನಿಗೆ. ಲಯ ಸರಿಬರುತ್ತದೆಯೇ ನೋಡೋಣವೆಂದು ಗಂಟಲು ಸರಿಮಾಡಿಕೊಂಡು, ಇಡೀ ಪದ್ಯವನ್ನು ತನ್ನ ಹೆಸರು ಸೇರಿಸಿ ಗಟ್ಟಿಯಾಗಿ ಹಾಡಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದನಿ ಗೋಡೆಗೆ ಬಡಿದು ಮರಳಿ ಬರಬೇಕಿತ್ತು, ಬರಲಿಲ್ಲ. ಬಾವಲಿಗಳ ಚೀರಾಟ ನಿಂತಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ತನ್ನ ತಲೆಯ ಟಾರ್ಚು ಬಿಸಿಯಾಗಿ ಕೂದಲಿಗೆ ತಾಗಿತೇ ಎಂದು ಮುಟ್ಟಿ ನೋಡಿಕೊಂಡ. ಟಾರ್ಚು ತಣ್ಣಗಿತ್ತು. ಆಮೇಲೆ ಗೋಡೆಯೊಳಗಿನಿಂದ ಒಂದು ಸದ್ದು. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಟಕ್. ಬಂಡೆಯ ಸೀಳಿನಲ್ಲಿ ನೀರು ತೊಟ್ಟಿಕ್ಕುತ್ತಿರಬೇಕು ಎಂದುಕೊಂಡು ಅವನು ಕುಂಚ, ಮಸಿ ಎತ್ತಿಟ್ಟ. ಪಡಿಯಚ್ಚು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬೇಗ ಹೊರಟ.

ಕೆಳಗೆ ಗೇಟಿನ ಹತ್ತಿರ ಬೀಗದಮ್ಮ ಅವನನ್ನು ತಡೆದು, ಟಿಕೆಟ್ ತೋರಿಸಿ ಎಂದಳು. ಐದು ದಿನದಿಂದ ಬರುತ್ತಿರುವವನಿಗೆ ಇದೆಂಥ ತಮಾಷೆ ಎಂದು ಅವನು ಗದರಿದ. ಅವಳು ಕಣ್ಣು ಕಿರಿದು ಮಾಡಿ ಅವನ ಮುಖವನ್ನೇ ನೋಡಿದಳು. ಅವನು ಸಿಟ್ಟಿನಿಂದ ಮೇಜಿನ ಮೇಲಿದ್ದ ರಿಜಿಸ್ಟರು ತಿರುವಿದ. ದಿನಾ ಒಳಗೆ ಹೋಗುವಾಗ ಹೆಸರು ಬರೆದು ರುಜು ಹಾಕಿದ್ದ. ಐದೂ ದಿನದ ತಾರೀಖು ಇತ್ತು, ಹೊತ್ತು ಇತ್ತು. ಹೆಸರಿನ ಕಡೆ ಬರೀ ಕಾಗದ. ಜೇಬಿನಿಂದ ಆಫೀಸಿನ ಗುರುತುಚೀಟಿ ಎಳೆದ. ಫೋಟೋದ ಕೆಳಗೆ, ಮಳೆಗೆ ಸವೆದ ಶಾಸನದ ಹಾಗೆ, ಏನೋ ಇತ್ತು ಎನ್ನುವಷ್ಟು ಗುರುತು. ನಾನು ಯಾರು ಗೊತ್ತೇನಮ್ಮಾ ಎಂದು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ಹೆಸರು ನಾಲಿಗೆಗೆ ಬರಲಿಲ್ಲ.

ಇನ್ನು ನಾವೂ ಅವನನ್ನು ಬರೀ ಅವನು ಎಂದೇ ಹೇಳಬೇಕು. ಅಡ್ಡಹೆಸರೂ ಹೆಸರೇ ತಾನೆ.

ಬೀಗದಮ್ಮನಿಗೆ ಆಗ ಅರ್ಥವಾಯಿತು. ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು.

"ತುಂಬಿಬಿಟ್ರಾ? ನೀವು ಯಾರೋ ನಂಗೆ ನೆನಪಿಲ್ಲ. ಆದ್ರೆ ಹೇಳಿರ್ತೀನಿ. ಬಂದವರಿಗೆಲ್ಲ ಹೇಳ್ತೀನಿ."

ಇದಕ್ಕೆ ಮುಂಚೆ ಯಾರಾದರೂ ತುಂಬಿದ್ದರೇ ಎಂದು ಅವನು ಕೇಳಿದ. ತುಂಬಿದ್ದರೆ ಅವರು ಯಾರೆಂದು ಯಾರಿಗೆ ತಾನೆ ಗೊತ್ತಿರುತ್ತದೆ ಎಂದು ಅವಳು ಉತ್ತರಿಸಿದಳು. ಪಡಿಯಚ್ಚು ಹರಿದುಹಾಕಿದರೆ ಹೋಗುತ್ತದೆಯೇ ಎಂದ. ಕಾಗದ ಹರಿದು ಫಲವಿಲ್ಲ, ಹೆಸರು ಈಗ ಕಲ್ಲಿನಲ್ಲಿರುತ್ತದೆ, ಕೆತ್ತಿ ತೆಗೆಯಬೇಕಾದೀತು ಎಂದಳು. ಅಷ್ಟು ಹೇಳಿ ಅವನ ತೋಳು ಹಿಡಿದುಕೊಂಡಳು.

"ಆದ್ರೆ ತೆಗೀಬೇಡಿ. ಒಂದ್ಸಲ ಉಂಡ ಬಾಯಿ ಮತ್ತೆ ಖಾಲಿ ಇರಲ್ಲ ಸಾರ್."

ಅಷ್ಟರಲ್ಲಿ ಐದಾಯಿತು. ಫೋನು ಹೊಡೆದುಕೊಳ್ಳಲಿಲ್ಲ. ಐದು ಹತ್ತು. ಐದೂಕಾಲು. ಅವನೇ ಮಾಡಿದ. ಅಕ್ಕ ಎತ್ತಿದಳು. "ಹಲೋ, ಯಾರು ಮಾತಾಡೋದು?" ಎಂದಳು, ಅಪರಿಚಿತರ ಜೊತೆ ಆಡುವ ಮರ್ಯಾದೆಯ ದನಿಯಲ್ಲಿ. ನಾನು ಕಣೇ ಎಂದ. ಯಾವ ನಾನು ಎಂದಳು. ನಿನ್ನ ತಮ್ಮ ಎಂದರೆ, ನನಗೆ ತಮ್ಮ ಯಾರೂ ಇಲ್ಲವಲ್ಲಪ್ಪ, ನಂಬರು ಸರಿಯಾಗಿ ನೋಡಿಕೊಳ್ಳಿ ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ಅದೇ ಅವನ ಎದೆಗೆ ಇರಿಯಿತು. ಹಿಂದಿನಿಂದ ಮಗಳು ಫೋನು ಕಸಿದುಕೊಂಡಳು.

"ಅಪ್ಪಾ?"

ಅವನಿಗೆ ಹೋದ ಜೀವ ಬಂದಂತಾಯಿತು. ಇವಳು ಎಂದೂ ಹೆಸರು ಹಿಡಿದು ಕರೆದವಳಲ್ಲ, ಹಾಗಾಗಿ ಇನ್ನೂ ಉಳಿದಿದ್ದಾನೆ. ಆದರೆ ಅವಳ ದನಿ ನಿದ್ದೆಗಣ್ಣಿನವರ ಹಾಗಿತ್ತು.

"ಅಪ್ಪಾ, ಸ್ಕೂಲಲ್ಲಿ ಫಾರಂ ಕೊಟ್ಟಿದಾರೆ. ಅಪ್ಪನ ಹೆಸರು ಬರೀಬೇಕು. ಎಷ್ಟು ಯೋಚಿಸಿದ್ರೂ ಬರ್ತಿಲ್ಲ. ಅತ್ತೆಗೂ ಗೊತ್ತಿಲ್ಲ." ಆಮೇಲೆ ಕೇಳಿದಳು, "ನಿನ್ನ ಮುಖ ಹೇಗಿತ್ತು ಅಪ್ಪಾ? ಕನ್ನಡಕ ಇತ್ತಾ?"

ಇನ್ನೊಂದು ಗಳಿಗೆ ಬಿಟ್ಟರೆ ಅಪ್ಪ ಎಂಬ ಪದವೂ ಅವಳ ಬಾಯಿಂದ ಜಾರುತ್ತದೆ. ಆಮೇಲೆ ಈ ಭೂಮಿಯ ಮೇಲೆ ಅವನನ್ನು ಬಲ್ಲವರು ಯಾರೂ ಇಲ್ಲ. ಮೆಟ್ಟಿಲು ರಿಪೇರಿಯವರು ಬಿಟ್ಟುಹೋದ ಸುತ್ತಿಗೆ, ಉಳಿ ಗೇಟಿನ ಮೂಲೆಯಲ್ಲಿದ್ದವು. ಬಾಚಿಕೊಂಡ. ಬೀಗದಮ್ಮ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಕಂಬದ ಮೇಲೆ ಮೊಳೆಯಿಂದ ಹೆಸರು ಗೀಚುವ ಪ್ರವಾಸಿಗಳನ್ನು ಕಂಡರೆ ಹೊಡೆಯಲು ಹೋಗುತ್ತಿದ್ದ ಮನುಷ್ಯ, ಈಗ ಉಳಿ ಹಿಡಿದು ಗರ್ಭಗುಡಿಗೆ ನುಗ್ಗಿದ.

ಹೊರಗೆ ಸಂಜೆಗೆಂಪು ಇತ್ತು, ಒಳಗೆ ಒಂದು ಚಿಟಿಕೆಯೂ ಇರಲಿಲ್ಲ. ಟಾರ್ಚು ಹೊತ್ತಿಸಿದ. ಕೊನೆಯ ಸಾಲಿನ ಮೊದಲಿಗೆ ಮೂರಕ್ಷರ ಕೂತಿತ್ತು. ಹೊಸ ಕೆತ್ತನೆಯಲ್ಲ. ಅಂಚು ಸವೆದಿತ್ತು, ಗುಣಿಯಲ್ಲಿ ಪಾಚಿ ಕಟ್ಟಿತ್ತು, ಸಾವಿರ ವರ್ಷದಿಂದ ಅಲ್ಲೇ ಇದ್ದಂತೆ. ಓದಲು ಹೋದ. ಅಷ್ಟು ಶಾಸನ ಓದಿದ ಕಣ್ಣಿಗೆ ಆ ಮೂರಕ್ಷರ ಮಾತ್ರ ಕೂಡಿಬರಲಿಲ್ಲ. ಉಳಿಯಿಟ್ಟು ಹೊಡೆದ. ಕಿಡಿ ಹಾರಿತು. ಮತ್ತೆ ಹೊಡೆದ. ಪ್ರತಿ ಏಟಿಗೂ ಬಂಡೆಯೊಳಗೆ ಯಾರೋ ಉಸಿರೆಳೆದುಕೊಂಡಂತೆ ಆಗುತ್ತಿತ್ತು. ಚಕ್ಕೆ ಎದ್ದು ಹಣೆ ಸೀಳಿತು. ರಕ್ತ ಕಣ್ಣಿಗಿಳಿಯಿತು. ಒಂದಕ್ಷರ ಹೋಯಿತು. ಎರಡು ಹೋಯಿತು. ಮೂರನೆಯದನ್ನು ಪುಡಿ ಮಾಡಿ, ಹೊರಗೆ ಓಡಿಬಂದು ಮೆಟ್ಟಿಲ ಮೇಲೆ ಬಿದ್ದ.

ಫೋನು ಹೊಡೆದುಕೊಂಡಿತು. ಅಕ್ಕ.

"ಎಲ್ಲಿ ಹಾಳಾಗಿ ಹೋಗಿದ್ಯೋ? ಆಗಲಿಂದ ಮಾಡ್ತಿದೀನಿ," ಎಂದು ಅವನ ಹೆಸರು ಹಿಡಿದು ಬೈದಳು. ಅರ್ಕಾವತ್ತು ಅಳುತ್ತಾ ನಕ್ಕ. ತನ್ನ ಹೆಸರು ಇಷ್ಟು ಚೆಂದವಿದೆಯೆಂದು ಅವನಿಗೆ ಈವರೆಗೆ ತಿಳಿದಿರಲಿಲ್ಲ. ಬೈಯಿ ಅಕ್ಕಾ, ಇನ್ನೂ ಬೈಯಿ ಎಂದ. ಆಮೇಲೆ ಕಣ್ಣೊರೆಸಿಕೊಂಡು, ಮಗಳಿಗೆ ಫೋನು ಕೊಡು ಎಂದ.

"ಯಾವ ಮಗಳು?" ಎಂದಳು ಅಕ್ಕ.

ಅವನು ಬಿದ್ದಲ್ಲಿಂದ ಎದ್ದು ಕೂತ.

"ನಿಂಗೆಲ್ಲಿಯ ಮಗಳೋ? ಅದಿರ್ಲಿ, ಇಲ್ಲೊಂದು ಮಗು ಬಂದು ಕೂತಿದೆ ಕಣೋ. ಯಾರ ಮನೇದೋ ಏನೋ. ಹೆಸರು ಕೇಳಿದ್ರೆ ಗೊತ್ತಿಲ್ಲ ಅಂತ ಅಳುತ್ತೆ. ಪೊಲೀಸಿಗೆ ಹೇಳ್ಬೇಕಾ ಅಂತ ಕೇಳೋಕೇ ನಿಂಗೆ ಫೋನ್ ಮಾಡಿದ್ದು."

ಹಿಂದೆ ಮಗು ಬಿಕ್ಕುವುದು ಕೇಳಿಸುತ್ತಿತ್ತು. ಅರ್ಕಾವತ್ತಿಗೆ ಆಗ ಹೊಳೆಯಿತು. ಮಗಳು ಹುಟ್ಟಿದಾಗ, ಬೇರೆಯವರು ಅಂದಚೆಂದ ನೋಡಿ ಹೆಸರಿಡುವ ಹೊತ್ತಿನಲ್ಲಿ, ಅವನು ಪ್ರಾಸ ನೋಡಿ ಹೆಸರಿಟ್ಟಿದ್ದ. ಅಪ್ಪನ ಹೆಸರಿನ ಅಳತೆಗೇ ಮಗಳದೂ ಇರಲೆಂದು ಹಟ ಹಿಡಿದಿದ್ದ. ಮೂರಕ್ಷರ. ನಾಲ್ಕು ಮಾತ್ರೆ. ನಡುವೆ ರಕಾರ. ಹೆಂಡತಿ ಬಾಣಂತಿ ಹಾಸಿಗೆಯಲ್ಲೇ ನಕ್ಕು, ನಿಮ್ಮ ಹುಚ್ಚಿಗೆ ಮಗುವನ್ನೂ ಬಿಡಲಿಲ್ಲವಲ್ಲ ಎಂದಿದ್ದಳು.

ಒಳಗಿನಿಂದ ಸದ್ದು ಬಂತು. ಟಕ್. ಟಕ್. ಟಕ್. ಈ ಸಲ ಅವಸರವಿತ್ತು.

ಓಡಿದ. ದ್ವಾರಪಾಲಕನ ಮೊಣಕಾಲಿಗೆ ಎಡವಿದ. ಟಾರ್ಚು ಉರುಳಿತು. ಕತ್ತಲು. ಸುಟ್ಟ ಕೂದಲು. ಗೋಡೆಯ ಮೇಲೆ ಕೈಯಾಡಿಸಿದ. ತಾನು ಒಡೆದು ಹಾಳುಮಾಡಿದ್ದ ಜಾಗ ನುಣ್ಣಗಾಗಿತ್ತು. ಬೆರಳಿನ ಕೆಳಗೇ ಕಲ್ಲು ತಗ್ಗಾಗುತ್ತಿತ್ತು. ಮೊದಲ ಅಕ್ಷರ ಮುಗಿದಿತ್ತು. ಎರಡನೆಯದು ಶುರುವಾಗಿತ್ತು. ರಕಾರದ ದುಂಡು. ಮಗಳ ಹೆಸರು ಏನು? ಮೊದಲ ಅಕ್ಷರ ಏನು? ಬರಲಿಲ್ಲ. ಎರಡು ಜಡೆ ನೆನಪಿತ್ತು. ಬಿದ್ದ ಹಲ್ಲು ನೆನಪಿತ್ತು. ಟಕ್. ಜಡೆ ಹೋಯಿತು. ಟಕ್. ನನಗೆ ಮಗಳಿದ್ದಳೇ? ಯಾರಿಗಾಗಿ ಓಡಿಬಂದೆ? ಯಾರೋ ಒಂದು ಮಗು ಅಳುತ್ತಿತ್ತು. ಅಷ್ಟೇ ಉಳಿದಿತ್ತು. ಯಾರದಾದರೇನು, ಮಗು ಅಳುತ್ತಿತ್ತು.

ಅವನ ಬಳಿ ಈಗ ಒಂದೇ ಒಂದು ಹೆಸರಿತ್ತು. ಅಕ್ಕ ಆಗತಾನೇ ಬೈದು ವಾಪಸು ಕೊಟ್ಟ ಹೆಸರು. ಇಡೀ ಪದ್ಯ ಹೇಳಿದ. ಕೊನೆಯ ಸಾಲಿನ ಮೊದಲಿಗೆ ಹಲ್ಲು ಕಚ್ಚಿಕೊಂಡಿತು. ತುಟಿ ಬಿಡಿಸಿ ತನ್ನ ಹೆಸರು ಕೂಗಿದ. ಮೂರೂ ಅಕ್ಷರ, ಒಂದೊಂದಾಗಿ, ಪೂರ್ತಿ.

ಸದ್ದು ನಿಂತಿತು. ಬೆರಳಿನ ಕೆಳಗೆ ಕಲ್ಲು ಒಮ್ಮೆ ಉಬ್ಬಿ ಸಮವಾಯಿತು. ಆಮೇಲೆ ನಿಧಾನವಾಗಿ, ಹೊಟ್ಟೆ ತುಂಬಿದವರು ಊಟ ಮುಗಿಸುವ ಹಾಗೆ, ಮೊದಲಿನಿಂದ ಕೊರೆಯತೊಡಗಿತು. ಅವನು ಗೋಡೆಯಿಂದ ಕೈ ತೆಗೆಯದೆ ಮೂರಕ್ಷರವೂ ಮುಗಿಯುವವರೆಗೆ ಅಲ್ಲೇ ನಿಂತಿದ್ದ. ಅಷ್ಟರಲ್ಲಿ ಮಗಳ ಜಡೆ ನೆನಪಾಯಿತು, ಹಲ್ಲು ನೆನಪಾಯಿತು, ಕೊನೆಗೆ ಅವಳ ಹೆಸರೂ ಬಂತು. ಹೊರಗೆ ಬಿದ್ದಿದ್ದ ಫೋನಿನಲ್ಲಿ ಅಕ್ಕ ಯಾರದು, ಯಾರು ಮಾತಾಡೋದು ಎಂದು ಎರಡು ಸಲ ಕೇಳಿ ಇಟ್ಟಳು.

ಮೂರನೆಯ ದಿನ ಮಧ್ಯಾಹ್ನ ಅವನು ಅಕ್ಕನ ಮನೆಯ ಎರಡನೆಯ ಮಹಡಿ ಹತ್ತಿ ಗಂಟೆ ಒತ್ತಿದ. ಹಣೆಯ ಗಾಯಕ್ಕೆ ಬಟ್ಟೆ ಕಟ್ಟಿಕೊಂಡಿದ್ದ. ಬಾಗಿಲು ತೆರೆದವಳು ಮಗಳೇ. ಸ್ಕೂಲಿನಿಂದ ಆಗ ಬಂದವಳು, ಒಂದು ಕಾಲಿನಲ್ಲಿ ಕಾಲುಚೀಲ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಮರೆತುಹೋಗಿ, ನೀರಿನ ಮೀಟರು ನೋಡಲು ಬಂದೆ ಎಂದುಬಿಟ್ಟ. ಮೀಟರು ಕೆಳಗಿದೆ ಎಂದಳು ಅವಳು.

"ನಿನ್ನ ಹೆಸರೇನು ಪುಟ್ಟಿ?" ಎಂದು ಅವನು ಕೇಳಿದ.

ಅವಳು ಹೇಳಿದಳು. ಒಂದಕ್ಷರವೂ ತಡವರಿಸದೆ, ಮನೆತನದ ಹೆಸರೂ ಸೇರಿಸಿ, ಕ್ಲಾಸಿನಲ್ಲಿ ಹಾಜರಿ ಕೊಡುವ ಹಾಗೆ ಗಟ್ಟಿಯಾಗಿ ಹೇಳಿದಳು. ಅಪ್ಪನ ಹೆಸರು ಎಂದು ಕೇಳಿದ್ದಕ್ಕೆ, ನಂಗೆ ಅಪ್ಪ ಇಲ್ಲ ಎಂದಳು. ಅದನ್ನು ದುಃಖದಿಂದೇನೂ ಹೇಳಲಿಲ್ಲ. ಮನೆಯಲ್ಲಿ ಬೆಕ್ಕಿಲ್ಲ, ನಾಯಿಯಿಲ್ಲ ಎನ್ನುವ ಹಾಗೆ ಹೇಳಿದಳು. ಅಕ್ಕನಿಗೆ ತಮ್ಮನೇ ಇಲ್ಲದ ಮೇಲೆ ಈ ಮಗುವಿಗೆ ಅವಳು ಅತ್ತೆ ಹೇಗಾದಳೆಂದು ಆ ಮನೆಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ಯಾರೇ ಅದು ಬಾಗಿಲಲ್ಲಿ ಎಂದು ಅಕ್ಕನ ದನಿ ಅಡುಗೆಮನೆಯಿಂದ ಬಂತು.

"ಯಾರೂ ಇಲ್ಲ ಅತ್ತೆ," ಎಂದು ಅವಳು ಬಾಗಿಲು ಹಾಕಿದಳು.

ಅವನು ಎರಡು ಮೆಟ್ಟಿಲು ಇಳಿದು ಕೂತ. ಒಳಗೆ ನಲ್ಲಿ ಸುರಿಯುವ ಸದ್ದು, ಪಾತ್ರೆಯ ಸದ್ದು. ಆಮೇಲೆ ಅಕ್ಕ, ಕೈಕಾಲು ತೊಳೆದುಕೊಂಡು ಬಾರೇ ಎಂದು ಮಗುವನ್ನು ಹೆಸರು ಹಿಡಿದು ಕೂಗಿದಳು. ಮಗು ಓಗೊಡಲಿಲ್ಲ. ಅಕ್ಕ ಮತ್ತೆ ಕೂಗಿದಳು. ಆ ಹೆಸರನ್ನು ಇನ್ನೊಂದು ಸಲ ಕೂಗಲಿ ಎಂದು ಅವನು ಅಲ್ಲೇ ಕಾದ.